ಮೊದಲ ಚರಿಗೆ ನೀರು

ಬಚ್ಚಲಿಗೆ ಬಿಸಿನೀರಿನ ನಳ ಹಾಕಿಸಬೇಕೋ ಬೇಡವೋ ಎಂಬ ಒಂದು ಮಾತಿಗೆ ಆ ಮನೆಯಲ್ಲಿ ದಸರೆಯಿಂದ ದೀಪಾವಳಿ ದಾಟುವವರೆಗೆ ಯಾರೂ ನೆಟ್ಟಗೆ ಉಣ್ಣಲಿಲ್ಲ. ನಗುವವರು ನಗಲಿ. ಹೊಲದ ಬದುವಿಗೆ ಬಡಿದಾಡಿದವರನ್ನು ಲಕ್ಷ್ಮೇಶ್ವರದಲ್ಲಿ ಬೇಕಾದಷ್ಟು ಕಂಡಿದ್ದೇವೆ, ಪಂಕ್ತಿಯಲ್ಲಿ ತುಪ್ಪ ಬರಲಿಲ್ಲವೆಂದು ಎಲೆ ಬಿಟ್ಟು ಎದ್ದ ಬೀಗರನ್ನೂ ಕಂಡಿದ್ದೇವೆ. ನಳಕ್ಕಾಗಿ ತಾಯಿ ಮಗ ಮಾತು ಬಿಟ್ಟದ್ದು ಮಾತ್ರ ನಮ್ಮ ಓಣಿಗೆ ಹೊಸದು. ನಮ್ಮದು ಅವರ ಹಿತ್ತಲಿಗೆ ಅಂಟಿದ ಮನೆ, ಆದ್ದರಿಂದ ಅರ್ಧ ನನ್ನ ಕಿವಿಗೇ ಬಿದ್ದದ್ದು. ಉಳಿದರ್ಧ ಆ ಮನೆಯ ಸೊಸೆ ಸಾವಿತ್ರೆವ್ವ ಮುಂದೆ ಯಾವಾಗಲೋ ಕೂತು ಹೇಳಿದ್ದು.

ಕಿಡಿ ಹಚ್ಚಿದವನು ಅವಳ ಗಂಡ ಅಂದಾನಪ್ಪ. ಹತ್ತಿ ಜಿನ್ನಿನಲ್ಲಿ ಫಿಟರ್, ತಲೆಗೂದಲಲ್ಲಿ ಯಾವಾಗಲೂ ನಾಲ್ಕು ಎಳೆ ಅರಳೆ ಇರುತ್ತಿತ್ತು. ಯಂತ್ರವೆಂದರೆ ಅವನಿಗೆ ಜೀವ. ಹಿಂದಿನ ವರ್ಷ ಹಿತ್ತಲ ಬಾವಿಗೆ ಮೋಟಾರು ಕೂಡಿಸಿ ಬಚ್ಚಲ ಮಾಳಿಗೆಯ ಮೇಲೆ ಸಿಮೆಂಟಿನ ಟಾಕಿ ಕಟ್ಟಿಸಿದ್ದ. ಎಂಬತ್ತನಾಲ್ಕರ ದಸರೆ ಮುಗಿದ ಮರುದಿನ ಮಧ್ಯಾಹ್ನ, ರೊಟ್ಟಿ, ಪುಂಡಿಪಲ್ಯ ಬಡಿಸಿಕೊಂಡು ಕೂತವನು ಮೆಲ್ಲಗೆ ಮಾತು ತೆಗೆದ. ತಂಗಿ ಅನ್ನಪೂರ್ಣವ್ವ ಚೊಚ್ಚಲ ಬಾಣಂತನಕ್ಕೆ ಮುಂಡರಗಿಯಿಂದ ಬರುವವಳಿದ್ದಾಳೆ, ಬಾಣಂತಿ ಮತ್ತು ಕೂಸು ಎಂದರೆ ದಿನಕ್ಕೆ ಎರಡು ಹಂಡೆ ಬಿಸಿನೀರು, ಹತ್ತಿಕಟ್ಟಿಗೆ ಒಟ್ಟಿ ಊದುತ್ತ ಕೂತರೆ ಮನೆತುಂಬ ಹೊಗೆ. ಗದಗಿನ ಅಂಗಡಿಯಲ್ಲಿ ಗೀಜರ್ ನೋಡಿ ಬಂದಿದ್ದೇನೆ, ಗುಂಡಿ ಒತ್ತಿ ಹತ್ತು ನಿಮಿಷ ಬಿಟ್ಟು ನಳ ತಿರುವಿದರೆ ಮುಗಿಯಿತು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಳೇ ಹಂಡೆಯನ್ನು ಭಾಂಡೆ ಅಂಗಡಿಗೆ ಹಾಕಿಬಿಡೋಣ ಎಂದೂ ಸೇರಿಸಿದ.

ಅವನ ತಾಯಿ ಗುರುಸಿದ್ದವ್ವ ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿದಳು.

“ಹಂಡೆ ಹಾಕೂದಿದ್ರ ಮೊದಲ ನನ್ನ ಹಾಕು. ಇಬ್ಬರೂ ಒಂದ ಚಕ್ಕಡ್ಯಾಗ ಈ ಮನಿಗೆ ಬಂದೇವಿ.”

“ಹಂಡೆ ಇರಲಿ ಬಿಡು ಯವ್ವಾ. ನಳ ಅಷ್ಟ ಹಾಕಸ್ತೀನಿ.”

“ನಳಾನೂ ಬ್ಯಾಡ.”

“ಯಾಕ ಬ್ಯಾಡ, ಅದನ್ನರ ಹೇಳು.”

ಗುರುಸಿದ್ದವ್ವ ಒಂದಲ್ಲ, ಐದು ಕಾರಣ ಹೇಳಿದಳು. ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ, ದೇವರಿಗೇ ಗೊತ್ತಿಲ್ಲ. ಬಾಣಂತಿಯ ನೀರಿಗೆ ಕಟ್ಟಿಗೆಯ ಕಾವೇ ಆಗಬೇಕು. ನೀರು ಮುಟ್ಟಿದರೆ ಕರೆಂಟು ಹೊಡೆಯುತ್ತದೆ. ಬೂದಿ ಇಲ್ಲದಿದ್ದರೆ ಭಾಂಡೆ ತಿಕ್ಕುವುದು ಯಾವುದರಿಂದ? ಕೊನೆಗೆ, ನೀರೊಲೆ ಆರಿದ ಮನೆ ಮನೆಯಲ್ಲ ಎಂದಳು. ಐದೂ ಸುಳ್ಳಲ್ಲ. ಆದರೆ ನಿಜವಾದ ಕಾರಣ ಆ ಐದರಲ್ಲಿ ಇರಲಿಲ್ಲ.

ಆಗ ಸಾವಿತ್ರೆವ್ವ ಬಾಯಿ ಬಿಟ್ಟಳು. ರೊಟ್ಟಿ ಬಡಿಯುವ ಕಲ್ಲಿನ ಮುಂದೆ ಕೂತವಳು ತಲೆ ಎತ್ತದೆ, “ನಳ ಆದ್ರ ಚೊಲೋ ಆಕ್ಕೈತ್ರಿ ಅತ್ತಿ,” ಅಂದಳು.

ಹನ್ನೊಂದು ವರ್ಷದಲ್ಲಿ ಅತ್ತೆಯ ಮಾತಿಗೆ ಅವಳು ಎದುರಾಡಿದ್ದು ಅದೇ ಮೊದಲು. ಕೈ ಮಾತ್ರ ರೊಟ್ಟಿ ಬಡಿಯುತ್ತಲೇ ಇತ್ತು.

“ನೀನೂ ಗಂಡನ ಕಡಿ ಆದಿ?”

“ಗಂಡನ ಕಡಿ ಅಲ್ರಿ, ನನ್ನ ಕಡಿ. ಹನ್ನೊಂದ ವರ್ಷ ಒಂದ ದಿನಾನೂ ನೀರೊಲಿ ತಪ್ಪಿಸಿಲ್ಲ. ನನ್ನ ಕಣ್ಣೀರ ಕೂಡಿಸಿ ಇಟ್ಟಿದ್ರ ಇನ್ನೊಂದ ಹಂಡೆ ತುಂಬತಿತ್ತು.”

ಖರೆಯೇ ಹೇಳಿದಳು. ಬೆಳಗಾಗುವುದಕ್ಕೆ ಮೊದಲೇ ಆ ಹೆಂಗಸು ಕೆಮ್ಮುವ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು, ಆಮೇಲೆ ಕೋಳಿ ಕೂಗುತ್ತಿತ್ತು. ಹಸಿ ಹತ್ತಿಕಟ್ಟಿಗೆಯ ಹೊಗೆ ಕುಡಿದು ಕುಡಿದು ಮೂವತ್ತೆರಡಕ್ಕೇ ಅವಳ ಕಣ್ಣ ಅಂಚು ಕೆಂಪಾಗಿ ಉಳಿದುಬಿಟ್ಟಿತ್ತು. ನಳ ಬೇಕೆನ್ನುವುದಕ್ಕೆ ಅವಳಷ್ಟು ಹಕ್ಕಿದ್ದವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಗುರುಸಿದ್ದವ್ವ ತಾಟಿನಲ್ಲೇ ಕೈ ತೊಳೆದು ಎದ್ದುಹೋದಳು.

ಈಗ ಮನೆಯವರಿಗೆ ಗೊತ್ತಿಲ್ಲದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಸತಾಯಿಸುವ ಚಾಳಿ ನನಗಿಲ್ಲ. ಗುರುಸಿದ್ದವ್ವನ ಕೈಗೂ ಕಾಲಿಗೂ ಬಿಸಿ ತಿಳಿಯುತ್ತಿರಲಿಲ್ಲ.

ಅವಳು ಯಾರೆಂದು ಗೊತ್ತಿದ್ದರೆ ಇದು ಎಷ್ಟು ದೊಡ್ಡ ಮಾತೆಂದು ತಿಳಿಯುತ್ತದೆ. ಗುರುಸಿದ್ದವ್ವ ಕೂಸುಗಳಿಗೆ ಎಣ್ಣೆನೀರು ಎರೆಯುವವಳು. ನಮ್ಮ ಓಣಿಯಲ್ಲಿ ಮೂವತ್ತು ವರ್ಷದಲ್ಲಿ ಹುಟ್ಟಿದ ಯಾವ ಕೂಸೂ ಅವಳ ಕಾಲ ಮೇಲೆ ಮಲಗದೆ ದೊಡ್ಡದಾಗಿಲ್ಲ. ಲಿಂಗವಂತರು, ಮುಸಲ್ಮಾನರು ಎಂದು ಅವಳು ನೋಡಿದವಳಲ್ಲ. ಎದುರುಮನೆ ರಸೂಲಬಿಯ ಮಗಳು ಸಾಬೀರಾ ಹುಟ್ಟಿದಾಗ ಎರೆದವಳು ಇವಳೇ, ಆ ಸಾಬೀರಾ ಹಡೆದಾಗ ಎರೆದವಳೂ ಇವಳೇ. ದುಡ್ಡು ಮುಟ್ಟುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಒಂದು ಕುಬಸದ ಖಣ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಹೊಲಿಸುತ್ತಿರಲಿಲ್ಲ. ಟ್ರಂಕಿನ ತುಂಬ ಖಣಗಳಿದ್ದವು, ಒಂದೊಂದನ್ನೂ ಎತ್ತಿ ಇದು ಯಾವ ಕೂಸಿನದು ಎಂದು ಹೇಳುತ್ತಿದ್ದಳು. ಸಾವಿತ್ರೆವ್ವನ ಹಿರಿ ಮಗಳು ಏಳು ತಿಂಗಳಿಗೇ ಹುಟ್ಟಿ, ಅಂಗೈಯಷ್ಟು ಇದ್ದಾಗ, ಇದು ಉಳಿಯುವುದಿಲ್ಲ ಎಂದು ಬಂದವರೆಲ್ಲ ಮುಖ ತಿರುವಿದ್ದರು. ಅದನ್ನು ದಿನಕ್ಕೆರಡು ಸಲ ಎಣ್ಣೆ ತಿಕ್ಕಿ, ಎರೆದು, ಸುತ್ತಿ ಮಲಗಿಸಿ ಬದುಕಿಸಿದವಳು ಈ ಅತ್ತೆ. ಆ ಹುಡುಗಿ ಈಗ ನಾಲ್ಕನೇ ಇಯತ್ತೆ.

ಅವಳಿಗೆ ಸಕ್ಕರೆ ಬೇನೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು, ಗುಳಿಗೆ ನುಂಗುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಮುಂಜಾನೆ ನೀರೊಲೆಯ ಮುಂದೆ ನಿಂತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಅರಿವೆ ಸುಟ್ಟಿತೇನೋ ಎಂದು ಸುತ್ತ ಹುಡುಕಿದಳು. ಕೆಂಡ ಅವಳ ಹಿಮ್ಮಡಿಯ ಕೆಳಗೇ ಇತ್ತು. ಅರಿಶಿಣ ಮೆತ್ತಿ, ಮುಳ್ಳು ಚುಚ್ಚಿತು ಎಂದು ಮನೆಯಲ್ಲಿ ಹೇಳಿದಳು. ಆಮೇಲೆ ಮೊಣಕಾಲ ಕೆಳಗೆಲ್ಲ ಜೋಮು, ಆಮೇಲೆ ಬೆರಳು. ಚಹಾದ ಕಪ್ಪು ಹಿಡಿದರೆ ಬಿಸಿಯೋ ಆರಿದೆಯೋ ತುಟಿಗೆ ಹಚ್ಚಿದಾಗಲೇ ತಿಳಿಯುವುದು.

ಬೇರೆಯವರಾದರೆ ಕೂಸು ಎರೆಯುವುದನ್ನು ಬಿಡುತ್ತಿದ್ದರು. ಇವಳು ಲೆಕ್ಕ ಹಿಡಿದಳು. ಹಂಡೆಯ ನೀರು ಕುದಿಯುವುದಕ್ಕೆ ಮೊದಲು ಗುಂಯ್ ಎಂದು ಹಾಡುತ್ತದೆ. ಆ ಸದ್ದು ಎದ್ದೊಡನೆ ಕಟ್ಟಿಗೆ ಎಳೆದು, ಒಂದು ಚರಿಗೆ ಬಿಸಿನೀರಿಗೆ ಪಕ್ಕದ ಮಣ್ಣಿನ ಹರವಿಯ ಎರಡು ಚರಿಗೆ ತಣ್ಣೀರು ಬೆರೆಸಿದರೆ ಕೂಸಿನ ಹದ. ಕೈ ಏನೂ ಹೇಳಬೇಕಾಗಿಲ್ಲ, ಕಿವಿ ಹೇಳುತ್ತಿತ್ತು. ಎರೆಯುವವರ ಇನ್ನೊಂದು ಪದ್ಧತಿ ನಿಮಗೂ ಗೊತ್ತಿರಬೇಕು. ಮಣೆಯ ಮೇಲೆ ಕಾಲು ನೀಡಿ ಕೂತು, ಮೊದಲ ಚರಿಗೆ ನೀರನ್ನು ತನ್ನ ಮೊಣಕಾಲ ಕೆಳಗೆ ಸುರಿದುಕೊಂಡು ಹದ ನೋಡಿ, ಆಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುವುದು. ಗುರುಸಿದ್ದವ್ವ ಅದನ್ನೂ ಬಿಡಲಿಲ್ಲ. ಕಾಲಿಗೆ ಏನೂ ತಿಳಿಯದಿದ್ದರೂ ಸುರಿದುಕೊಳ್ಳುತ್ತಿದ್ದಳು, ನೋಡುವವರು ನೋಡಲಿ ಎಂದು. ಹೀಗೆ ನಾಲ್ಕು ಕೂಸು ಎರೆದಿದ್ದಳು, ಒಂದಕ್ಕೂ ಏನೂ ಆಗಿರಲಿಲ್ಲ.

ಗೀಜರು ಗುಂಯ್ ಅನ್ನುವುದಿಲ್ಲ. ಗೋಡೆಗೆ ಅಂಟಿಕೊಂಡು ಸುಮ್ಮನಿರುತ್ತದೆ. ಅದರ ನೀರು ಒಮ್ಮೆ ಹೀಗೆ, ಒಮ್ಮೆ ಹಾಗೆ. ನಳ ಬಂದರೆ ಕೈಯೇ ಹೇಳಬೇಕು, ಹೇಳುವ ಕೈ ಅವಳಿಗಿರಲಿಲ್ಲ. ಮಗಳ ಕೂಸು ತನ್ನ ಕಾಲ ಮೇಲೆ ಮಲಗಬೇಕೆಂಬ ಒಂದೇ ಆಸೆಗೆ ಆ ಮುದುಕಿ ಮಗನ ಸಂಗಡ ಜಗಳ ಕಾಯುತ್ತಿದ್ದಳು.

ಅಂದಾನಪ್ಪನಿಗೆ ಇದೆಲ್ಲಿ ಗೊತ್ತು. ಎಂಟು ದಿನ ಬಿಟ್ಟು ಗೀಜರಿನ ಡಬ್ಬಿ ಹೊತ್ತುಕೊಂಡೇ ಬಂದ. ಗುರುಸಿದ್ದವ್ವ ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಅವನು ಉಂಡು ಎದ್ದ ಮೇಲೆ ಇವಳು ಉಣ್ಣುವುದು. “ನಿನ್ನ ಗಂಡಗ ಹೇಳು, ಮಜ್ಜಿಗಿ ಗಡಿಗ್ಯಾಗ ಐತಿ” ಎಂದು ಸೊಸೆಯ ಕೈಯಲ್ಲಿ ಹೇಳಿ ಕಳಿಸುವುದು, ಮಗ ಎರಡು ಮಾರು ದೂರದಲ್ಲೇ ಕೂತಿದ್ದರೂ. ಸಾವಿತ್ರೆವ್ವನ ಸಂಗಡ ಮಾತಿತ್ತು, ಆದರೆ ಎಲ್ಲ ಮುಳ್ಳು. ನಿನ್ನ ಕಣ್ಣು ಬಲು ನಾಜೂಕು, ನಮ್ಮ ಕಣ್ಣು ಕಲ್ಲಿನವು, ಎಂದೆಲ್ಲ.

ಅನ್ನಪೂರ್ಣವ್ವ ಬಂದು ಇಳಿದಾಗ ಡಬ್ಬಿ ಪಡಸಾಲೆಯ ಮೂಲೆಯಲ್ಲೇ ಇತ್ತು. ತುಂಬು ಬಸುರಿ, ಅದರ ಮೇಲೇ ಕೂತು ಚಹಾ ಕುಡಿದಳು. ಅಣ್ಣನ ಮಾತು ಕೇಳಿದಳು, ಅವ್ವನ ಮಾತು ಕೇಳಿದಳು, ಗಂಡನ ಮನೆಯಲ್ಲಿ ನ್ಯಾಯ ಬಗೆಹರಿಸಿ ರೂಢಿಯಾದವಳ ಹಾಗೆ ತೀರ್ಪು ಕೊಟ್ಟಳು.

“ಅಣ್ಣಾ, ನೀ ನಳ ಹಾಕಸು. ವೈನಿ ಎಷ್ಟ ಅಂತ ಹೊಗಿ ಕುಡೀಬೇಕು? ಆದ್ರ ನನ್ನ ಕೂಸಿಗೆ ಎರಿಯೂದು ಅವ್ವನ. ಬ್ಯಾರೇದಾರ ಕಾಲಮ್ಯಾಲ ನಾ ಹಾಕೂದಿಲ್ಲ.”

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅವಳು ಖುಷಿಯಾದಳು. ಗುರುಸಿದ್ದವ್ವನ ಮುಖ ಮಾತ್ರ ಸೋತಿತು. ಬೇಡವೆನ್ನಲು ಇನ್ನು ಯಾವ ಕಾರಣವೂ ಉಳಿದಿರಲಿಲ್ಲ.

ನೀರು ತುಂಬುವ ಹಬ್ಬದ ದಿನ ಮೇಸ್ತ್ರಿ ಬಂದು ಬಚ್ಚಲ ಗೋಡೆಗೆ ಗೀಜರು ಬಡಿದು ಹೋದ. ಅದರ ಕೆಳಗೇ ಸಾವಿತ್ರೆವ್ವ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದಳು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ನೀರು ತುಂಬಿ ಪೂಜೆ ಮಾಡಿದಳು. ಅಂದಾನಪ್ಪ ಉಳಿದ ಒಂದು ತುಂಡು ಬಳ್ಳಿಯನ್ನು ತಂದು ಗೀಜರಿನ ನಳಕ್ಕೆ ಕಟ್ಟಿ, ಇದಕ್ಕೂ ಒಂದು ಊದುಬತ್ತಿ ಬೆಳಗಿರಿ ಎಂದು ನಗಾಡಿದ. ಯಾರೂ ನಗಲಿಲ್ಲ. ಗುರುಸಿದ್ದವ್ವ ಎದ್ದು ಬಂದು ಬಳ್ಳಿ ಬಿಚ್ಚಿ ಹೊರಗೆ ಒಗೆದಳು.

ಮರುದಿನ ನರಕ ಚತುರ್ದಶಿ. ತಾಯಿ ಮಗನಿಗೆ ಎಣ್ಣೆ ಹಚ್ಚಿ ಎರೆಯುವ ದಿನ, ಮಾತು ಬಿಟ್ಟಿದ್ದರೂ ಅದನ್ನು ಬಿಡುವ ಹಾಗಿಲ್ಲ. ಗುರುಸಿದ್ದವ್ವ ಮಗನ ನೆತ್ತಿಗೆ ಎಣ್ಣೆ ತಟ್ಟಿದಳು, ಬೆನ್ನು ತಿಕ್ಕಿದಳು, ಅವನೂ ಸಣ್ಣವನಾಗಿ ತಲೆ ಬಗ್ಗಿಸಿ ಕೂತ. ಆ ಹೊತ್ತಿಗೆ ಮನಸ್ಸು ಒಂದಿಷ್ಟು ಕರಗಿತೆಂದೇ ಹೇಳಬೇಕು. ಯವ್ವಾ, ಇವತ್ತೊಂದು ದಿನ ನನ್ನ ನಳದ ನೀರು ಎರಿ ಎಂದ. ಅವಳು ಇಲ್ಲವೆನ್ನಲಿಲ್ಲ. ಅವನೇ ಕಣ್ಣು ಮುಚ್ಚಿಕೊಂಡು ಕೈ ಚಾಚಿ ನಳ ತಿರುವಿದ. ಸಾವಿತ್ರೆವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಳದಿಂದ ಹಬೆ ಎದ್ದಿತು. ಗುರುಸಿದ್ದವ್ವ ಎಲ್ಲರೂ ಮಾಡುವ ಹಾಗೆ ಹದ ನೋಡಲು ಅಂಗೈ ಒಡ್ಡಿದಳು. ಒಡ್ಡಿದ ಕೈ ಒಡ್ಡಿದಂತೆಯೇ ಇತ್ತು. ನಾಲ್ಕು ಎಣಿಸಿದರೂ, ಐದು ಎಣಿಸಿದರೂ ಹಿಂದೆ ಬರಲಿಲ್ಲ.

“ಹದಾ ಐತಿ,” ಎಂದು ತನ್ನಷ್ಟಕ್ಕೇ ಹೇಳಿ ಚರಿಗೆ ಹಿಡಿಯಹೋದಳು.

ಸಾವಿತ್ರೆವ್ವ ತಟ್ಟೆ ಕೆಳಗಿಟ್ಟವಳೇ ನುಗ್ಗಿ ನಳ ಬಂದ್ ಮಾಡಿದಳು. ಚರಿಗೆ ಕಸಿದುಕೊಂಡು, ನಳದ ನೀರು ಬೆರೆಸುವುದು ಅತ್ತೆಗೆ ಹೊಸದು, ನಾನು ಬೆರೆಸಿ ಕೊಡುತ್ತೇನೆ ಎಂದಳು. ಗಂಡನ ಕಣ್ಣಿಗೆ ಎಣ್ಣೆ ಇಳಿದಿತ್ತು, ಅವನು ಏನೂ ನೋಡಲಿಲ್ಲ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

ಮಧ್ಯಾಹ್ನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕರ್ಚಿಕಾಯಿ ಕರಿಯುವಾಗ ಎಣ್ಣೆ ಸಿಡಿಯಿತು ಎಂದು ಮಗಳಿಗೆ ಹೇಳಿದಳು ಗುರುಸಿದ್ದವ್ವ. ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದ ಸೊಸೆಯ ಹತ್ತಿರ ಆ ಸುಳ್ಳು ನಡೆಯಲಿಲ್ಲ.

“ಎಷ್ಟ ದಿವಸ ಆತ್ರಿ ಹಿಂಗಾಗಿ?”

ಮುದುಕಿ ತುಳಸಿಕಟ್ಟೆಯ ಹತ್ತಿರ ಕೂತಳು. ಮೊದಲು ಏನಿಲ್ಲವೆಂದಳು, ಆಮೇಲೆ ಎರಡು ವರ್ಷ ಎಂದಳು. ಕೆಂಡದ ಮಾತು, ಗುಂಯ್ ಸದ್ದಿನ ಮಾತು, ಒಂದಕ್ಕೆ ಎರಡರ ಲೆಕ್ಕ, ಎಲ್ಲ ಹೇಳಿದಳು. ಸಾವಿತ್ರೆವ್ವನಿಗೆ ಸಿಟ್ಟು ನೆತ್ತಿಗೇರಿತು.

“ಕೂಸು ಸುಟ್ಟಿದ್ರ ಏನ ಮಾಡ್ತಿದ್ರಿ? ಮಂದಿ ಮಕ್ಕಳು, ಅತ್ತಿ.”

“ಸುಟ್ಟಿಲ್ಲ. ಒಂದೂ ಸುಟ್ಟಿಲ್ಲ. ಹಂಡೆ ನನಗ ಸುಳ್ಳ ಹೇಳೂದಿಲ್ಲ. ನಳ ಹೇಳತೈತಿ.”

“ಇವತ್ತ ಅವರಿಗೆ ಹೇಳಿಬಿಡ್ತೀನಿ.”

ಗುರುಸಿದ್ದವ್ವ ಸೊಸೆಯ ಮುಸುರೆ ಕೈಯನ್ನೇ ಹಿಡಿದುಕೊಂಡಳು. “ಹೇಳಿದ್ರ ನನ್ನ ಕಾಲಮ್ಯಾಲ ಯಾರೂ ಕೂಸ ಹಾಕೂದಿಲ್ಲ ಸಾವಿತ್ರಿ. ಮಗಳ ಕೂಸೊಂದ ಎರದ ಬಿಡ್ತೀನಿ. ಅಲ್ಲೀತನಾ ನಳ ಬಂದ್ ಇರಲಿ. ನಿನ್ನ ಕಾಲ ಬೀಳು ಅಂದ್ರ ಬೀಳತೀನಿ.”

ನನ್ನನ್ನು ಕೇಳಿದರೆ ಸಾವಿತ್ರೆವ್ವನ ಜಾಗದಲ್ಲಿ ನಾನಿದ್ದರೆ ಅವತ್ತೇ ಓಣಿಗೆಲ್ಲ ಸಾರುತ್ತಿದ್ದೆ. ಹನ್ನೊಂದು ವರ್ಷದ ಹೊಗೆಗೆ ಒಂದೇ ಮಾತಿನಲ್ಲಿ ಕೊನೆಯಾಗುತ್ತಿತ್ತು. ಅವಳು ಸಾರಲಿಲ್ಲ. ಬದುಕಿದ ತನ್ನ ಹಿರಿ ಮಗಳು ಆಗ ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳಂತೆ, ಅದನ್ನು ನೋಡಿ ಬಾಯಿ ಕಟ್ಟಿತು ಎಂದಳು. ಒಂದು ಕರಾರು ಮಾತ್ರ ಹಾಕಿದಳು. ಪ್ರತಿ ಸಲ ಬೆರೆಸಿದ ನೀರಿಗೆ ಮೊದಲು ನನ್ನ ಕೈ ಹೋಗಬೇಕು, ನಾನು ಬಂದು ನೋಡದ ಹೊರತು ಕೂಸಿಗೆ ನೀರು ಮುಟ್ಟಿಸಬಾರದು. ಗುರುಸಿದ್ದವ್ವ ಲಿಂಗ ಮುಟ್ಟಿ ಒಪ್ಪಿದಳು.

ಉಳಿದದ್ದು ಗಂಡನಿಗೆ ಹೇಳುವುದು. ಕಾರಣ ಹೇಳದೆ ಹೇಳುವುದು. ಬಾಣಂತನ ಮುಗಿಯುವವರೆಗೆ ಗೀಜರು ಬೇಡ, ನೀರೊಲೆಯೇ ಇರಲಿ ಎಂದಾಗ ಅಂದಾನಪ್ಪ ಕೈಯಲ್ಲಿದ್ದ ತುತ್ತು ಇಟ್ಟ.

“ನಿನಗ ಬೇಕಂತನ ತಂದದ್ದು ನಾ. ಆಗ ಬೇಕಂದಿ, ಈಗ ಬ್ಯಾಡಂತಿ. ನಾ ಏನ ನಿಮ್ಮಿಬ್ಬರ ನಡುವಿನ ಚಂಡೇನು?”

“ಅತ್ತಿಯಾರಿಗೆ ಮನಸಿಲ್ರಿ.”

“ಅತ್ತಿಯಾರಿಗೆ ಮನಸಿಲ್ಲ ಅಂತ ನೀ ಯಾವಾಗಿನಿಂದ ನೋಡಾಕ ಹತ್ತಿದಿ?”

ಸಾವಿತ್ರೆವ್ವ ಬೈಸಿಕೊಂಡಳು. ಒಂದು ವಾರ ಅವನು ಅವಳ ಜೊತೆಗೂ ಮಾತು ಬಿಟ್ಟ. ಗೀಜರಿನ ಗುಂಡಿ ಆರಿಸಿ, ಅದರ ಮೇಲೆ ಗೋಣಿಚೀಲ ಹೊದಿಸಿದ. ಮರುದಿನ ಮುಂಜಾನೆ ಸಾವಿತ್ರೆವ್ವನ ಕೆಮ್ಮು ಮತ್ತೆ ನಮ್ಮ ಹಿತ್ತಲಿಗೆ ಕೇಳಿಸಿತು.

ಹುಣ್ಣಿಮೆ ಕಳೆದು ಮೂರು ದಿನಕ್ಕೆ ಅನ್ನಪೂರ್ಣವ್ವ ಗಂಡು ಹಡೆದಳು. ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ಬೆಳಿಗ್ಗೆ ಸಂಜೆ ಬಿಸಿನೀರು. ಕೆಲಸ ಎರಡಾಯಿತು, ಸಾವಿತ್ರೆವ್ವನಿಗೆ ಕೂಡಲು ಪುರಸತ್ತಿಲ್ಲ. ಆದರೂ ಎರೆಯುವ ಹೊತ್ತಿಗೆ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಹಂಡೆ ಗುಂಯ್ ಎಂದೊಡನೆ ಗುರುಸಿದ್ದವ್ವ ಬೆರೆಸುವುದು, ಸೊಸೆ ಬಕೀಟಿನಲ್ಲಿ ಸೆರಗು ಜಾಲಿಸುವವಳ ಹಾಗೆ ಕೈ ಅದ್ದಿ ತೆಗೆದು ತಲೆಯಾಡಿಸುವುದು, ಅತ್ತೆ ಮೊದಲ ಚರಿಗೆ ತನ್ನ ಕಾಲಿಗೆ ಸುರಿದುಕೊಂಡು ಕೂಸಿಗಾಗಿ ಕೈ ಚಾಚುವುದು. ಹತ್ತು ಹನ್ನೆರಡು ದಿನ ಒಂದು ಸಲವೂ ಹದ ತಪ್ಪಲಿಲ್ಲ. ನೋಡಿದಿ, ನನ್ನ ಲೆಕ್ಕ ತಪ್ಪಿಲ್ಲ ಎಂದು ಗುರುಸಿದ್ದವ್ವ ಕಣ್ಣಲ್ಲೇ ಹೇಳುತ್ತಿದ್ದಳು. ಹದಿಮೂರನೆಯ ದಿನ ತೊಟ್ಟಿಲು. ಅದೊಂದು ದಾಟಿದರೆ ಮುಂದೆ ಕೂಸಿನ ಕುತ್ತಿಗೆ ನಿಂತಮೇಲೆ ಬಾಣಂತಿಯೇ ಅದಕ್ಕೆ ಎರೆಯುತ್ತಾಳೆ ಎಂದು ಸಾವಿತ್ರೆವ್ವ ದಿನ ಎಣಿಸುತ್ತಿದ್ದಳು.

ತೊಟ್ಟಿಲ ದಿನ ಮುಂಡರಗಿಯಿಂದ ಬೀಗರು ಬಂದರು, ಶಿಗ್ಲಿಯಿಂದ ಸಾವಿತ್ರೆವ್ವನ ತವರಿನವರು ಬಂದರು. ಎಲ್ಲರಿಗೂ ಜಳಕಕ್ಕೆ ನೀರು ಬೇಕು. ಅಂದಾನಪ್ಪನಿಗೆ ಕೊನೆಗೂ ಒಂದು ನೆಪ ಸಿಕ್ಕಿತು. ಗೋಣಿಚೀಲ ತೆಗೆದು ಗೀಜರು ಹಚ್ಚಿದ. ಬೀಗರು ನಳ ತಿರುವಿ ನೋಡಿ ಶಹಭಾಸ್ ಎಂದರು. ಅವನು ಹಿಗ್ಗಿದ. ಆ ಹಿಗ್ಗಿನಲ್ಲಿ ಹೆಂಗಸರಿಗೆ ಸುಲಭವಾಗಲಿ ಎಂದು ಬಚ್ಚಲಲ್ಲಿದ್ದ ಬರಿದಾದ ಪಾತ್ರೆಗಳಿಗೆಲ್ಲ ನಳದ ಬಿಸಿನೀರು ಹಿಡಿದಿಟ್ಟ. ತಣ್ಣೀರಿನ ಹರವಿಗೂ ಅದನ್ನೇ ತುಂಬಿ ಮೇಲೆ ತಟ್ಟೆ ಮುಚ್ಚಿದ. ತಾಯಿಗೆ ನೀರು ತುಂಬುವ ಕೆಲಸ ತಪ್ಪಿತು ಎಂದೇ ಅವನ ಲೆಕ್ಕ.

ಸಾವಿತ್ರೆವ್ವ ಒಳಗೆ ಹೋಳಿಗೆಯ ಹೆಂಚಿನ ಮುಂದಿದ್ದಳು. ನಾ ಬರುವ ತನಕ ನಿಲ್ಲಿ ಎಂದು ಅತ್ತೆಗೆ ಕೂಗಿ ಹೇಳಿದ್ದಳು. ಗುರುಸಿದ್ದವ್ವ ನಿಲ್ಲಲಿಲ್ಲ. ಹೊತ್ತು ಏರುತ್ತಿತ್ತು, ಬಚ್ಚಲ ಬಾಗಿಲಲ್ಲಿ ಹೆಂಗಸರು ನೆರೆದಿದ್ದರು, ಹಂಡೆ ಗುಂಯ್ ಎನ್ನುತ್ತಿತ್ತು. ಇಷ್ಟು ದಿನ ತಪ್ಪದ ಲೆಕ್ಕ ಇವತ್ತು ತಪ್ಪೀತೇ ಎಂದುಕೊಂಡಳು. ಲಿಂಗ ಮುಟ್ಟಿ ಆಡಿದ ಮಾತು ಮರೆತಳು. ಇದು ಅವಳ ತಪ್ಪು, ನಾನು ಮುಚ್ಚಿಡುವುದಿಲ್ಲ. ಹಂಡೆಯಿಂದ ಒಂದು, ಹರವಿಯಿಂದ ಎರಡು, ಎಂದು ಬೆರೆಸಿದಳು. ನೀರೊಲೆಯ ಹೊಗೆ, ಹಂಡೆಯ ಹಬೆ, ಅದರಲ್ಲಿ ಹರವಿಯ ಹಬೆ ಯಾರಿಗೆ ಕಾಣಬೇಕು. ಮಣೆಯ ಮೇಲೆ ಕೂತು ಕಾಲು ನೀಡಿ ಮೊದಲ ಚರಿಗೆ ಸುರಿದುಕೊಂಡಳು.

ಅನ್ನಪೂರ್ಣವ್ವ ಬರಿಮೈಯ ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದಳು. ರಸೂಲಬಿ ಟವೆಲ್ಲು ಹರವಿ ನಿಂತಿದ್ದಳು, ನಾನು ಅವಳ ಹಿಂದೆ. ಗುರುಸಿದ್ದವ್ವನ ಕೈ ಕೂಸಿನ ಕಡೆ ಅರ್ಧಕ್ಕೆ ಹೋದದ್ದು ಅಲ್ಲೇ ನಿಂತಿತು. ಅವಳು ತನ್ನ ಕಾಲನ್ನೇ ನೋಡುತ್ತಿದ್ದಳು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಾಲು ಕೆರೆದ ಗಜ್ಜರಿಯ ಹಾಗೆ ಕೆಂಪೇರುತ್ತಿತ್ತು.

“ಕೂಸಿನ ಕೊಡಬ್ಯಾಡ,” ಅಂದಳು.

ಅಷ್ಟರಲ್ಲಿ ಸಾವಿತ್ರೆವ್ವ ಕೈಗೆ ಕಣಕ ಮೆತ್ತಿಕೊಂಡೇ ಓಡಿ ಬಂದಳು. ಬಕೀಟಿಗೆ ಬೆರಳು ಅದ್ದಿದವಳು ಉಸಿರು ಎಳೆದುಕೊಂಡಳು. ಹರವಿಯ ತಟ್ಟೆ ತೆಗೆದು ನೋಡಿದಳು. ಆದರೂ ನೋಡಿ, ಆಗಲೂ ಅತ್ತೆಯನ್ನು ಬಿಟ್ಟುಕೊಡಲಿಲ್ಲ. ಹರವಿಗೆ ಯಾರೋ ಬಿಸಿನೀರು ತುಂಬಿದ್ದಾರೆ, ನಾನು ಬಾವಿಯ ನೀರು ತರುತ್ತೇನೆ, ಎಲ್ಲರೂ ಸ್ವಲ್ಪ ಆಚೆ ಸರಿಯಿರಿ ಎಂದು ಕೊಡ ಎತ್ತಿಕೊಂಡಳು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅನ್ನಪೂರ್ಣವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅಳುತ್ತ ನಗುತ್ತಿದ್ದಳು. ರಸೂಲಬಿ ದೊಡ್ಡ ಉಸಿರು ಬಿಟ್ಟು, “ಎರಿಯೋರ ಕಾಲು ಅಂದ್ರ ಇದು ನೋಡ್ರಿ. ಒಂದ ಚರಿಗಿಗೆ ತಿಳದ್ಬಿಟ್ಟಿತು,” ಎಂದಳು.

ಆ ಹೊಗಳಿಕೆಯನ್ನು ಗುರುಸಿದ್ದವ್ವನಿಗೆ ನುಂಗಲಾಗಲಿಲ್ಲ.

“ಕಾಲಿಗೆ ತಿಳೀಲಿಲ್ಲ ರಸೂಲಬಿ. ಕಣ್ಣಿಗೆ ಕಂಡ್ತು.”

ಹೆಂಗಸರು ಬಾಗಿಲಿಂದ ಒಳಗೆ ಬಗ್ಗಿದರು.

“ನನ್ನ ಕೈಗೂ ಕಾಲಿಗೂ ಬಿಸಿ ತಿಳಿಯೂದಿಲ್ಲ. ಎರಡ ವರ್ಷ ಆತು. ನಿಮ್ಮ ಸಾಬೀರಾನ ಮಗಳಿಗೂ ಹಿಂಗ ಎರದೇನಿ. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತು.”

ಹಿಂದೆ ನಿಂತ ಯಾರೋ ಅಯ್ಯ ಶಿವನ ಎಂದರು. ಅನ್ನಪೂರ್ಣವ್ವ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆಯನ್ನು ಅವಳ ತಾಯಿ ನೋಡಿದಳು. ಮೂವತ್ತು ವರ್ಷದಲ್ಲಿ ಅವಳ ಮುಂದಿನಿಂದ ಕೂಸನ್ನು ಹಿಂದೆ ಎಳೆದುಕೊಂಡವರು ಯಾರೂ ಇರಲಿಲ್ಲ. ರಸೂಲಬಿ ಸಾವಿತ್ರೆವ್ವ ತಂದ ಕೊಡವನ್ನು ಇಸಿದುಕೊಂಡು, ಕೆಳಗೆ ಕೂತು, ಸುಟ್ಟ ಕಾಲ ಮೇಲೆ ಮೆಲ್ಲಗೆ ತಣ್ಣೀರು ಬಿಡತೊಡಗಿದಳು.

ಅಂದಾನಪ್ಪ ಬಾಗಿಲಿಗೆ ಬಂದ. “ಹರವಿ ತುಂಬಿದಾಂವ ನಾನ ಯವ್ವಾ,” ಅಂದ. ತಿಂಗಳ ಮೇಲೆ ಆ ತಾಯಿ ಮಗನಿಗೆ ನೇರವಾಗಿ ಮಾತಾಡಿದ್ದು ಆಗಲೇ. ನಳದ್ದೇನೂ ತಪ್ಪಿಲ್ಲ, ಹಚ್ಚಿದ್ದು ಹಾಗೇ ಇರಲಿ, ನಾಳೆಯಿಂದ ಸಾವಿತ್ರಿ ಒಲೆ ಊದುವುದು ಬೇಡ ಎಂದಳು. ಕೂತಲ್ಲಿಂದಲೇ ನೀರೊಲೆಯ ಕಟ್ಟಿಗೆಯನ್ನು ತಾನೇ ಹೊರಗೆ ಎಳೆದು ನೀರು ಚಿಮುಕಿಸಿದಳು.

ಆಮೇಲೆ ಮಣೆಯಿಂದ ಸರಿದು, ಗೋಡೆ ಹಿಡಿದು ಪಕ್ಕಕ್ಕೆ ಕೂತಳು.

“ಸಾವಿತ್ರಿ, ಕುಂಡ್ರು. ಕಾಲ ನೀಡು.”

“ನನಗ ಬರೂದಿಲ್ರಿ ಅತ್ತಿ.”

“ನನಗೂ ಬರ್ತಿರಲಿಲ್ಲ. ಕುಂಡ್ರು.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅನ್ನುವವರು ಸಾವಿತ್ರೆವ್ವ ಆವತ್ತು ಆ ಮಣೆಯ ಮೇಲೆ ಕೂತದ್ದನ್ನು ನೋಡಬೇಕಿತ್ತು. ಗೆದ್ದವಳ ಮುಖವಲ್ಲ ಅದು. ಕಣ್ಣು ಸುರಿಯುತ್ತಿದ್ದವು, ಒಲೆ ಆರಿ ಆಗ ಹೊಗೆಯೂ ಇರಲಿಲ್ಲ. ಬಕೀಟು ಚೆಲ್ಲಿ ಹೊಸದಾಗಿ ನೀರು ಬೆರೆಸಿದಳು, ಕೈ ಅದ್ದಿದಳು, ಇನ್ನೊಂದಿಷ್ಟು ತಣ್ಣೀರು ಹಾಕಿದಳು. ಮೊದಲ ಚರಿಗೆ ತನ್ನ ಕಾಲ ಮೇಲೆ ಸುರಿದುಕೊಂಡಳು.

“ಹೆಂಗೈತಿ?” ಗುರುಸಿದ್ದವ್ವ ಕೇಳಿದಳು.

“ಬೆಚ್ಚಗ ಐತ್ರಿ.”

“ಬೆಚ್ಚಗ ಅಂದ್ರ ಹೆಂಗ ಹೇಳು. ನನಗ ಮರತೈತಿ.”

ಸಾವಿತ್ರೆವ್ವ ಇನ್ನೊಂದು ಚರಿಗೆ ಕಾಲಿಗೆ ಸುರಿದುಕೊಂಡಳು.

“ನಮ್ಮ ಹಿರೇಕಿ ಏಳ ತಿಂಗಳಿಗೆ ಹುಟ್ಟಿದಾಗ ನೀವು ಎರೀತಿದ್ರಲ್ರಿ. ಮೈಮ್ಯಾಲ ನೀರ ಬಿದ್ದ ಕೂಡ್ಲೆ ಅಳೂದ ಬಿಟ್ಟು ನಿಮ್ಮ ಕಾಲಮ್ಯಾಲ ನಿದ್ದಿ ಹೋಗತಿತ್ತು. ಅಷ್ಟ ಬೆಚ್ಚಗ ಐತ್ರಿ.”

ಗುರುಸಿದ್ದವ್ವ ತಲೆಯಾಡಿಸಿದಳು.

“ಹಂಗಿದ್ರ ಕೂಸಿನ ತಗೋ,” ಅಂದಳು.